ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲಿ ಯಾವ ಪ್ರೋಗ್ರಾಮಿಂಗ್ ಭಾಷೆಗೆ ಅವಕಾಶ? ನನ್ನ ಅನುಭವ

ಹೊಸ ಭಾಷೆ ಸೇರಿಸೋಣ ಅಂತ ಯಾರಾದರೂ ಬಂದರೆ, ಅದು ಎಷ್ಟು ವೇಗ ಅಂತ ನಾನು ಕೇಳುವುದಿಲ್ಲ. ರಿವ್ಯೂ ಮಾಡುವವರು ಯಾರು ಅಂತ ಕೇಳುತ್ತೇನೆ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರುಗಳಲ್ಲಿ ಕನಿಷ್ಠ ಇಬ್ಬರು ಅದಕ್ಕೆ ಒಪ್ಪಬೇಕು; ಒಬ್ಬರೇ ಇದ್ದರೆ ಅವರ ಪ್ಯಾಚನ್ನು (ಕೋಡ್ ಬದಲಾವಣೆಯನ್ನು) ನೋಡುವವರೇ ಇರುವುದಿಲ್ಲ.

ಆಮೇಲೆ ರೆಪೊ (ಕೋಡ್ ಭಂಡಾರ) ಮೇಲೆ ಟೋಕೈ ಓಡಿಸುತ್ತೇನೆ; ಯಾವ ಭಾಷೆಯಲ್ಲಿ ಎಷ್ಟು ಸಾಲು ಕೋಡ್ ಇದೆ ಎಂದು ಎಣಿಸುವ ಟೂಲ್ ಅದು. ‘ನಮ್ಮದು ಬರೀ ಸಿ’ ಅನ್ನುವ ಕಡೆಯೂ ಶೆಲ್, ಪೈಥಾನ್, ಮೂಲೆಯಲ್ಲೆಲ್ಲೋ ಒಂದಿಷ್ಟು ಪರ್ಲ್ ಸಿಕ್ಕೇ ಸಿಗುತ್ತದೆ. ಹಾಗಾಗಿ ಅವಕಾಶವಿರುವ ಭಾಷೆಗಳ ಪಟ್ಟಿ ಮಾಡುವಾಗ ಭಾಷೆಯ ಪಕ್ಕದಲ್ಲಿ ಅದನ್ನು ಬಳಸುವ ಜಾಗವನ್ನೂ ಬರೆಯುತ್ತೇನೆ: ಮುಖ್ಯ ಕೋಡ್, ಬಿಲ್ಡ್ (ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಹಂತ), ಟೆಸ್ಟ್, ಡೆವಲಪರ್ ಟೂಲ್. ಟೂಲ್‌ಗಳಲ್ಲಿ ಸಡಿಲ ಬಿಡಬಹುದು. ಬಿಲ್ಡ್ ವಿಷಯದಲ್ಲಿ ಮುಖ್ಯ ಕೋಡಿನಷ್ಟೇ ಬಿಗಿ ಬೇಕು, ಯಾಕೆಂದರೆ ಅಲ್ಲಿ ಕೆಟ್ಟರೆ ಸೋರ್ಸ್‌ನಿಂದ ಕಟ್ಟುವ ಎಲ್ಲರಿಗೂ ಕೆಡುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.12, ಪ್ಯಾಕೇಜ್ ಕಟ್ಟಲು ಭಾಷೆಯ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನು ಕಿತ್ತುಹಾಕಿತು. ಅದನ್ನು ಇಂಪೋರ್ಟ್ ಮಾಡುತ್ತಿದ್ದ ಪುಟ್ಟ ಬಿಲ್ಡ್ ಸ್ಕ್ರಿಪ್ಟ್‌ಗಳು ಮೊದಲ ಸಾಲಿನಲ್ಲೇ ನಿಂತುಬಿಟ್ಟವು.

ನಿಜವಾದ ತಲೆನೋವು ಟೂಲ್‌ಚೈನ್, ಅಂದರೆ ಆ ಭಾಷೆಯ ಕೋಡನ್ನು ಕಟ್ಟಲು ಬೇಕಾದ ಕಂಪೈಲರ್ ಮತ್ತಿತರ ಟೂಲ್‌ಗಳು. ಪೈಥಾನ್‌ನ ಕ್ರಿಪ್ಟೋಗ್ರಫಿ ಪ್ಯಾಕೇಜ್ 2021ರ ಫೆಬ್ರವರಿಯಲ್ಲಿ, 3.4 ಆವೃತ್ತಿಯಿಂದ, ರಸ್ಟ್ ಭಾಷೆಯನ್ನು ಬಳಸತೊಡಗಿತು. ಸಿದ್ಧ ವೀಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜ್ ಫೈಲ್) ಸಿಕ್ಕವರಿಗೆ ಏನೂ ಗೊತ್ತಾಗಲಿಲ್ಲ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನಲ್ಲಿ, ಮತ್ತು ಹಳೆಯ ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಟೂಲ್) ಇದ್ದಲ್ಲಿ ಸೋರ್ಸ್‌ನಿಂದ ಕಟ್ಟಲು ಹೋಗಿ, ರಸ್ಟ್ ಕಂಪೈಲರ್ ಇಲ್ಲದೆ ಇನ್‌ಸ್ಟಾಲ್ ಕೆಟ್ಟಿತು. ರಸ್ಟ್ ಬೆಂಬಲವೇ ಇಲ್ಲದ ಹಳೆಯ ಪ್ರೊಸೆಸರ್‌ಗಳಲ್ಲಿ ಕಂಪೈಲರ್ ಹಾಕಿಕೊಳ್ಳುವ ದಾರಿಯೂ ಇರಲಿಲ್ಲ. ಮೆಮೊರಿ ಸುರಕ್ಷತೆಗಾಗಿ ಆ ನಿರ್ಧಾರ ಸರಿಯೇ ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಬಿಸಿ ಯಾರಿಗೆ ತಟ್ಟುತ್ತದೆ ಎಂದು ಮೊದಲೇ ತಿಳಿದಿರಬೇಕು. ಲಿನಕ್ಸ್ ಕರ್ನಲ್ 6.1ರಲ್ಲಿ (ಡಿಸೆಂಬರ್ 2022) ರಸ್ಟ್ ಬಂದದ್ದು ಐಚ್ಛಿಕವಾಗಿ, ಬೇಕಾದವರು ಮಾತ್ರ ಆನ್ ಮಾಡಿಕೊಳ್ಳುವಂತೆ. ನಾನೂ ಹಾಗೇ ಶುರು ಮಾಡುತ್ತೇನೆ.

ಪಟ್ಟಿಯಲ್ಲಿ ಕನಿಷ್ಠ ಆವೃತ್ತಿ ಇಲ್ಲದಿದ್ದರೆ ಅದು ಅರ್ಧಂಬರ್ಧ. ಬಳಕೆದಾರರ ಡಿಸ್ಟ್ರೊಗಳಲ್ಲಿ (ಡೆಬಿಯನ್‌ನಂಥ ಲಿನಕ್ಸ್ ಆವೃತ್ತಿಗಳಲ್ಲಿ) ಅತಿ ಹಳೆಯದರಲ್ಲಿ ಏನಿದೆಯೋ ಅದೇ ಮಿತಿ. ಡೆಬಿಯನ್ 12ರ ರಸ್ಟ್ 1.63, ಅದನ್ನು ಬೆಂಬಲಿಸುತ್ತೇವೆ ಅಂದಮೇಲೆ ಸಿಐನಲ್ಲಿ (ಪ್ರತಿ ಬದಲಾವಣೆಯನ್ನೂ ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಆ ಆವೃತ್ತಿಯಲ್ಲೂ ಬಿಲ್ಡ್ ಓಡಲೇಬೇಕು, ಅದೂ ಖಾಲಿ ಕಂಟೇನರ್‌ನಲ್ಲಿ (ಬೇರೇನೂ ಹಾಕಿರದ ಪ್ರತ್ಯೇಕ ಪರಿಸರದಲ್ಲಿ), ನೆಟ್‌ವರ್ಕ್ ಕಡಿದು. ಬಿಲ್ಡ್ ನಡುವೆ ಗುಟ್ಟಾಗಿ ಡೌನ್‌ಲೋಡ್ ಆಗುತ್ತಿದ್ದ ಡಿಪೆಂಡೆನ್ಸಿಗಳು (ಕೋಡ್ ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳು) ಆಗ ಸಿಕ್ಕಿಬೀಳುತ್ತವೆ.

ಹೊಸ ಫೈಲುಗಳ ಎಕ್ಸ್‌ಟೆನ್ಷನ್ ಪಟ್ಟಿಗೆ ಹೊಂದುತ್ತದೆಯೇ ಎಂದು ಸಿಐ ನೋಡಬೇಕು. ಎಕ್ಸ್‌ಟೆನ್ಷನ್ ಇಲ್ಲದ ಸ್ಕ್ರಿಪ್ಟ್‌ಗಳು ಈ ತಪಾಸಣೆಯಿಂದ ನುಸುಳಿಬಿಡುತ್ತವೆ, ಅವುಗಳ ಶೆಬ್ಯಾಂಗ್ ಸಾಲನ್ನು (ಯಾವುದರಿಂದ ಓಡಿಸಬೇಕೆಂದು ಹೇಳುವ, #! ಇಂದ ಶುರುವಾಗುವ ಮೊದಲ ಸಾಲನ್ನು) ಓದಿಸಿ. ಇನ್ನು ರಿವ್ಯೂ ಮಾಡುವವರು ಇಬ್ಬರಿಗಿಂತ ಕಡಿಮೆಯಾದರೆ ಆ ಭಾಷೆಯಲ್ಲಿ ದೋಷ ತಿದ್ದುವುದಕ್ಕಷ್ಟೇ ಅವಕಾಶ, ಹೊಸ ಫೈಲಿಗಿಲ್ಲ.