ಹುಣಸೆಹಣ್ಣು ದೂರ ಇಡಿ, ತಕ್ಕಡಿ ತನ್ನಿ

ನಮ್ಮಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಒಂದು ತಾಮ್ರದ ಮಯಿಲಿ ಕಾಸು ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆನೆ, ಅದರ ಮೇಲೆ ಸೂರ್ಯ ಚಂದ್ರ, ನಡುವೆ ‘ಶ್ರೀ’. ಹತ್ತನೇ ಕ್ಲಾಸಿನಲ್ಲಿದ್ದ ನಾನು ಅದಕ್ಕೆ ಹುಣಸೆಹುಳಿ, ಉಪ್ಪು ಹಚ್ಚಿ ಪೂಜೆಯ ಚೊಂಬಿನ ಥರ ಬೆಳಗಿಟ್ಟೆ. ವರ್ಷಗಳ ಮೇಲೆ ಒಬ್ಬ ಹಳೆ ನಾಣ್ಯದ ವ್ಯಾಪಾರಿಗೆ ತೋರಿಸಿದರೆ ಆತ ಕೈಗೂ ತೆಗೆದುಕೊಳ್ಳಲಿಲ್ಲ. “ತೊಳೆದುಬಿಟ್ಟಿದೀರಲ್ಲ ಸಾರ್” ಅಂದ, ಅಷ್ಟೆ. ಆ ಕಂದು ಬಣ್ಣ ಕೂರೋಕೆ ನೂರೈವತ್ತು ವರ್ಷ ಹಿಡಿದಿತ್ತು, ತೆಗೆಯೋಕೆ ನನಗೆ ಐದು ನಿಮಿಷ ಸಾಕಾಯಿತು. ಅದರ ಜೊತೆ ಬೆಲೆಯೂ ಹೋಯಿತು.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಎಣಿಸಿದವನು ನಾನು. ಈಗ ನೆಂಟರಿಷ್ಟರೆಲ್ಲ ಇದು ಅಸಲಿಯೇ, ಎಷ್ಟು ಬಾಳೀತು ಅಂತ ಕೇಳಿಕೊಂಡು ಬೆಳ್ಳಿ ರೂಪಾಯಿ ಹಿಡಿದು ಬರುತ್ತಾರೆ. ಬಂದವರಿಗೆ ಮೊದಲು ಕಾಫಿ, ಆಮೇಲೆ ತಕ್ಕಡಿ.

ಚಿನ್ನದಂಗಡಿಯವರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಅಯಸ್ಕಾಂತ ಇದ್ದರೆ ಸಾಕು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು. ಸವೆದದ್ದು ಸ್ವಲ್ಪ ಕಮ್ಮಿ ಇದ್ದೀತು, ಪರವಾಗಿಲ್ಲ. ಒಂದು ಗ್ರಾಮೇ ಕಮ್ಮಿ ಬಂದರೆ, ಅಯಸ್ಕಾಂತಕ್ಕೆ ಅಂಟಿದರೆ, ಅಂಚಿನ ಸುತ್ತ ಬೆಸುಗೆಯಂಥ ಗೆರೆ ಕಂಡರೆ, ಅದು ಅಚ್ಚಿಗೆ ಎರಕ ಹೊಯ್ದ ನಕಲಿ ಅಂತ ಅನುಮಾನಪಡಿ. 1940ಕ್ಕೆ ಮುಂಚಿನದರಲ್ಲಿ ಶೇ 91.7 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. ಆಮೇಲಿನದರಲ್ಲಿ ಅರ್ಧಕ್ಕರ್ಧ ಮಾತ್ರ. 1947ರ ಹುಲಿ ರೂಪಾಯಿ ಪೂರ್ತಿ ನಿಕ್ಕಲ್, ಅದು ಅಯಸ್ಕಾಂತಕ್ಕೆ ಅಂಟುವುದೇ ಸರಿ. ನಾಣ್ಯದಲ್ಲಿರುವ ಬೆಳ್ಳಿಯ ತೂಕವನ್ನು ಇವತ್ತಿನ ಬೆಳ್ಳಿ ದರಕ್ಕೆ ಗುಣಿಸಿದರೆ ಬರುವುದು ತಳದ ಬೆಲೆ. ಅದಕ್ಕಿಂತ ಕಮ್ಮಿಗೆ ಯಾರಿಗೂ ಕೊಡಬೇಡಿ.

ಇನ್ನು ಸವಕಲು ನೋಡುವುದು. ಐದನೇ ಜಾರ್ಜ್ ರೂಪಾಯಿ ತೆಗೆದುಕೊಳ್ಳಿ. ರಾಜನ ನಿಲುವಂಗಿಯ ಮೇಲಿನ ಪದಕದ ಸರದಲ್ಲಿ ಒಂದು ಪುಟಾಣಿ ಆನೆ ಇದೆ. ನಾಣ್ಯವನ್ನು ಅಂಚಿನಲ್ಲೇ ಹಿಡಿದು, ದೀಪದ ಕೆಳಗೆ ಓರೆ ಮಾಡಿ ನೋಡಿ. ಆನೆ ಬರೀ ಗಂಟಿನಂತೆ ಕಂಡರೆ ನಾನು ‘ಫೈನ್’ ದರ್ಜೆ ಅನ್ನುತ್ತೇನೆ. ಸೊಂಡಿಲು ಗುರುತು ಸಿಕ್ಕರೆ ‘ವೆರಿ ಫೈನ್’. ಕಿರೀಟದ ಕುಸುರಿಯೂ ಚೂಪಾಗಿದ್ದು, ಓರೆ ಮಾಡಿದಂತೆಲ್ಲ ಹೊಳಪು ಚಕ್ರದ ಹಾಗೆ ತಿರುಗಿದರೆ ಮಾತ್ರ ‘ಯುಎನ್‌ಸಿ’, ಅಂದರೆ ಚಲಾವಣೆಯಲ್ಲಿ ಕೈ ಬದಲಾಯಿಸದ ನಾಣ್ಯ. ನಮ್ಮದೇ ನಾಣ್ಯ ಅಂದಕೂಡಲೇ ಎಲ್ಲರಿಗೂ ಒಂದು ದರ್ಜೆ ಮೇಲೆಯೇ ಕಾಣುತ್ತದೆ, ನಾನೂ ಬೇರೆಯವನಲ್ಲ.

ಅದೇ ಆನೆಗೆ ಇನ್ನೊಂದು ಕತೆ ಉಂಟು. 1911ರಲ್ಲಿ ಸೊಂಡಿಲು ಎಷ್ಟು ಮೊಂಡಾಗಿತ್ತೆಂದರೆ ಜನ ಅದನ್ನು ಹಂದಿ ಅಂದರು, ಗಲಾಟೆಯಾಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದವು, ಮಿಕ್ಕವನ್ನು ಕರಗಿಸಿಬಿಟ್ಟರು. 1912ರಿಂದ ಸೊಂಡಿಲು ತಿದ್ದಿದ ಅಚ್ಚು ಬಂತು. ಹಾಗಾಗಿ ‘1911’ ಕಂಡರೆ ಜೋಪಾನವಾಗಿ ಎತ್ತಿಡಿ. 1918ರದು ಕಂಡರೆ ಕುಣಿಯಬೇಡಿ: ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದಿಂದ ಬೆಳ್ಳಿ ತರಿಸಿ ಕೋಟಿಗಟ್ಟಲೆ ಅಚ್ಚು ಹಾಕಿದ್ದಾರೆ. ವಿಕ್ಟೋರಿಯಾಳ 1862ರ ರೂಪಾಯಿಯಂತೂ ಮೋಸಗಾತಿ. 1874ರವರೆಗೂ ಅದೇ ಇಸವಿಯನ್ನೇ ಒತ್ತುತ್ತಿದ್ದರು. ಯಾವುದು ಯಾವಾಗಿನದು ಅಂತ ತಿಳಿಯಲು ಹಿಂಬದಿಯ ಚುಕ್ಕಿ ಎಣಿಸಬೇಕು.

ಬೆಲೆಗೆ ಆನ್‌ಲೈನಿನಲ್ಲಿ ಯಾರೋ ಕೇಳುತ್ತಿರುವ ಮೊತ್ತ ನೋಡಬೇಡಿ. ಹರಾಜಿನಲ್ಲಿ ಅದೇ ಇಸವಿ, ಅದೇ ಟಂಕಸಾಲೆ, ಅದೇ ದರ್ಜೆಯದು ನಿಜಕ್ಕೂ ಎಷ್ಟಕ್ಕೆ ಹೋಯಿತು ನೋಡಿ. ವ್ಯಾಪಾರಿ ಅದಕ್ಕಿಂತ ಕಮ್ಮಿಯೇ ಕೊಡುತ್ತಾನೆ, ಅವನಿಗೂ ಅಂಗಡಿ ಬಾಡಿಗೆ ಇದೆ. ವಾಟ್ಸಾಪಿನಲ್ಲಿ ಓಡಾಡುವ 1818ರ ಹನುಮಂತನ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ ಕಂಪನಿಯದಲ್ಲವೇ ಅಲ್ಲ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅನ್ನುವವರ ಫೋನ್ ಇಟ್ಟುಬಿಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಇಂಥ ವ್ಯವಹಾರ ಮಾಡುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಹೊಲ ಉಳುವಾಗ ನಾಣ್ಯದ ಮಡಕೆ ಸಿಕ್ಕಿದರೆ ಮಾತ್ರ ನನ್ನ ಹತ್ತಿರ ತರಬೇಡಿ. ಕರ್ನಾಟಕದಲ್ಲಿ ಅದಕ್ಕೆಂದೇ 1962ರ ನಿಧಿ ಕಾಯ್ದೆ ಇದೆ. ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.