ಮುಂಬೈಯಲ್ಲಿ ಕನ್ನಡ ರಾಕ್: ನಮ್ಮ ಬ್ಯಾಂಡ್ ನಿಂತ ಬಗೆ

"ಮುಂಬೈಯಲ್ಲಿ ಕನ್ನಡ ರಾಕ್ ಯಾರಪ್ಪ ಕೇಳ್ತಾರೆ?" ಅಭ್ಯಾಸಕ್ಕೆ ಬಾಡಿಗೆ ಕೊಡುವ ಜ್ಯಾಮ್ ರೂಮಿನವರಿಂದ ಹಿಡಿದು ಸೋದರಮಾವನವರೆಗೆ ಎಲ್ಲರೂ ಕೇಳಿದ್ದರು. ಹೋದ ಡಿಸೆಂಬರ್‌ನಲ್ಲಿ ಮಾಟುಂಗಾದಲ್ಲಿ ಟಿಕೆಟ್ ಇಟ್ಟು ಬಾರಿಸಿದೆವು. 250ರ ಹತ್ತಿರ ಜನ ಬಂದರು. ಒಂದೂ ಕವರ್ ಇಲ್ಲ, ಎಲ್ಲ ನಮ್ಮದೇ ಹಾಡು.

ಮೊದಲು ಪಬ್‌ಗಳ ಬೆನ್ನು ಹತ್ತಿದ್ದೆವು. ಅಂಧೇರಿಯ ಒಂದು ಕಡೆ 8 ಸಾವಿರಕ್ಕೆ ಒಪ್ಪಿ 3 ಸಾವಿರ ಕೊಟ್ಟರು. ಉಳಿದದ್ದು ಇವತ್ತಿಗೂ ಬಂದಿಲ್ಲ. ಜ್ಯಾಮ್ ರೂಮಿಗೆ ಗಂಟೆಗೆ ಸುಮಾರು 500. ಕೊನೆಯ ಲೋಕಲ್ ತಪ್ಪಿದರೆ ಡೊಂಬಿವಲಿಗೆ ಟ್ಯಾಕ್ಸಿ ಬೇರೆ. ಕೈಯಿಂದ ಹೋಗಿದ್ದೇ ಜಾಸ್ತಿ.

ಆಮೇಲೆ ಕನ್ನಡ ಸಂಘಗಳ ಬಾಗಿಲು ತಟ್ಟಿದೆವು. ಮೈಸೂರು ಅಸೋಸಿಯೇಷನ್ 1926ರಿಂದ ಇರುವ ಊರು ಇದು. ಇಲ್ಲಿ ಕನ್ನಡ ಕೇಳುವವರಿಗೆ ಬರ ಇಲ್ಲ. "ಡ್ರಮ್ಸ್ ಬೇಡ, ಭಾವಗೀತೆ ಹಾಡಿ" ಎಂದರು ಹಿರಿಯರು. "ಹದಿನೈದೇ ನಿಮಿಷ ಕೊಡಿ ಸರ್" ಎಂದೆವು. ಊಟಕ್ಕೆ ಎದ್ದ ಹುಡುಗರು ವಾಪಸ್ ಬಂದು ಕೂತರು. ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟು ಅವರ ನಂಬರ್ ಬರೆಸಿಕೊಂಡೆವು. ಆ ನಂಬರ್‌ಗಳಿಗೆ ಏನು ಕಳಿಸುತ್ತೇವೆ ಅನ್ನೋದು ನಮ್ಮಲ್ಲೇ ಇರಲಿ.

ಮಲಯಾಳಂ ರಾಕ್ ಹಾಡುವ ಅವಿಯಲ್ ಬ್ಯಾಂಡ್ 2008ರಲ್ಲೇ ಆಲ್ಬಂ ತಂದು ದಾರಿ ಮಾಡಿತ್ತು. ನಮಗೆ ಯಕ್ಷಗಾನದ ಚೆಂಡೆ ಬೇಕಿತ್ತು. ಆದರೆ ಚೆಂಡೆ, ಡ್ರಮ್ಸ್ ಸೆಟ್ಟಿನ ಚಟಪಟ ಸದ್ದಿನ ಸ್ನೇರ್ ಎರಡೂ ಒಟ್ಟಿಗೆ ಬಿದ್ದರೆ ಕಿವಿ ಹರಿದುಹೋಗುತ್ತದೆ. ತಿಂಗಳುಗಟ್ಟಲೆ ಒದ್ದಾಡಿದೆವು. ಕೊನೆಗೆ ಚೆಂಡೆ ಬರುವ ಕಡೆ ಸ್ನೇರ್ ಬಿಟ್ಟು ಬರೀ ಗಡಸು ದನಿಯ ದೊಡ್ಡ ಡ್ರಮ್ಮು, ಫ್ಲೋರ್ ಟಾಮ್ ಇಟ್ಟೆವು. ಇನ್ನೊಂದು ತಾಪತ್ರಯ ಶ್ರುತಿಯದ್ದು. ಕಟ್ಟಿದ ಚೆಂಡೆಯನ್ನು ಹಾಡಿನಿಂದ ಹಾಡಿಗೆ ಬದಲಿಸೋಕಾಗಲ್ಲ ಅಲ್ವಾ? ಹಾಗಾಗಿ ಚೆಂಡೆಯ ಹಾಡೆಲ್ಲ ಒಂದೇ ಶ್ರುತಿಯಲ್ಲಿ, ಸಾಲಾಗಿ. ಎಸಿ ಹಾಲ್‌ನಲ್ಲಿ ಚೆಂಡೆಯನ್ನು ಅರ್ಧ ಗಂಟೆ ಮೊದಲೇ ಸ್ಟೇಜ್ ಮೇಲಿಡಿ, ಅಲ್ಲಿನ ಗಾಳಿಗೆ ಹೊಂದಿಕೊಳ್ಳಲಿ. ಸುಮ್ನೆ ಹಾರ್ಮೋನಿಯಂಗೂ ಮೈಕ್ ಹಿಡಿದು ಡಿಸ್ಟಾರ್ಷನ್ ಪೆಡಲ್‌ಗೆ (ಗಿಟಾರ್ ದನಿಯನ್ನು ಒರಟು ಮಾಡುವ ಪೆಟ್ಟಿಗೆ) ಕೊಟ್ಟು ನೋಡಿದೆವು. ಮನೆಯಲ್ಲಿ ಅದ್ಭುತ, ಸ್ಟೇಜ್‌ನಲ್ಲಿ ಬರೀ ಫೀಡ್‌ಬ್ಯಾಕ್, ಮೈಕಿನ ಕುಯ್ಯೋ ಸದ್ದು.

ಸಾಹಿತ್ಯದಲ್ಲಿ ಒಂದು ಮಾತು. ಕೋರಸ್‌ನ ಸಾಲು 'ಆ' ಅಥವಾ 'ಓ'ಕಾರದಲ್ಲಿ ಮುಗಿಯಲಿ. 'ಉ'ಕಾರ ಗಿಟಾರ್ ಸದ್ದಿನಲ್ಲಿ ಮುಳುಗುತ್ತದೆ. ನಮ್ಮಲ್ಲಿ ಹಾಡುವ ಹುಡುಗಿಯ ಗಂಟಲು ಎದ್ದು ಕೇಳೋದು ಇದರಿಂದಲೇ.

ರೆಕಾರ್ಡಿಂಗ್‌ಗೆ ಸ್ಟುಡಿಯೋದವರು 2 ಲಕ್ಷ ಹೇಳಿದ್ದರು. ಡ್ರಮ್ಸ್ ಮಾತ್ರ ಅಲ್ಲಿ ಒಂದೇ ದಿನದಲ್ಲಿ ಮುಗಿಸಿದೆವು. ಗಿಟಾರ್, ಬೇಸ್, ದನಿ ಎಲ್ಲ ಮನೆಯಲ್ಲಿ, ಗೋದ್ರೆಜ್ ಕಪಾಟಿಗೆ ರಜಾಯಿ ಹೊದಿಸಿ. 5 ಹಾಡಿಗೆ 45 ಸಾವಿರದ ಆಸುಪಾಸು ಆಯಿತು. ಎಲ್ಲ ದನಿಗಳನ್ನೂ ಹದವಾಗಿ ಸೇರಿಸಿದ ಮೊದಲ ಮಿಕ್ಸ್‌ನಲ್ಲಿ ಚೆಂಡೆ ಕೇಳಲೇ ಇಲ್ಲ, ಇನ್ನೊಬ್ಬರಿಂದ ಮತ್ತೆ ಮಾಡಿಸಿದೆವು. ಅದೂ ಸೇರಿ ಈ ಲೆಕ್ಕ.

ಮಾಟುಂಗಾದಲ್ಲಿ ಹಾಲ್, ಸೌಂಡ್ ಎಲ್ಲ ಕಳೆದು ತಲೆಗೆ 4 ಸಾವಿರದಷ್ಟು ಉಳಿಯಿತು. ಮುಂದಿನ ಕಾರ್ಯಕ್ರಮ ಪುಣೆ ಹತ್ತಿರದ ಪಿಂಪ್ರಿಯಲ್ಲಿ. ಈ ಸಲ ಅಲ್ಲಿನ ಕನ್ನಡ ಸಂಘದವರೇ ಕರೆದಿದ್ದಾರೆ, ಡ್ರಮ್ಸ್ ಸಮೇತ.