ದೇಣಿಗೆ ಪತ್ರದಲ್ಲಿ ಒಬ್ಬ ಮನುಷ್ಯನಿರಲಿ

ದೇಣಿಗೆ ಕೇಳುವ ಪತ್ರ ಬಹಳ ಸಲ ಹೀಗೆ ಶುರುವಾಗುತ್ತದೆ: ‘ನಮ್ಮ ಸಂಸ್ಥೆ ಇಂಥ ಇಸವಿಯಲ್ಲಿ ಸ್ಥಾಪನೆಯಾಗಿದ್ದು, ಈವರೆಗೆ ಇಷ್ಟು ಸಾವಿರ ಫಲಾನುಭವಿಗಳನ್ನು ತಲುಪಿದೆ...’ ಲೆಕ್ಕ ಸರಿ, ಕೆಲಸವೂ ಒಳ್ಳೆಯದೇ. ಆದರೆ ಎರಡು ಪುಟ ತಿರುವಿದರೂ ಅದರಲ್ಲೊಬ್ಬ ಮನುಷ್ಯ ಸಿಗುವುದಿಲ್ಲ.

ಮೊದಲು, ಒಬ್ಬರನ್ನು ಆರಿಸಿ

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಮೀಕ್ಷೆಗೆ ಉತ್ತರಿಸಿದವರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದಲ್ಲಿ ಹಸಿದವರಿಗಾಗಿ ಇದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದರು. ಬರೀ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ಏಳು ವರ್ಷದ ಹುಡುಗಿಯೊಬ್ಬಳ ಬಗ್ಗೆ ಓದಿದವರು 2.38 ಡಾಲರ್. ವಿಚಿತ್ರವೆಂದರೆ, ಹುಡುಗಿಯ ಕತೆಗೆ ಅಂಕಿಅಂಶವನ್ನೂ ಸೇರಿಸಿದಾಗ ಮೊತ್ತ 1.43ಕ್ಕೆ ಇಳಿಯಿತು.

ನಿಧಿ ಸಂಗ್ರಹದ ಮಾತು ಬಂದಾಗಲೆಲ್ಲ ಈ ಪ್ರಯೋಗವನ್ನು ಮಂತ್ರದಂತೆ ಹೇಳುವವರಿದ್ದಾರೆ. ಆದರೆ 2023ರಲ್ಲಿ ಬೇರೆ ಸಂಶೋಧಕರು ಸುಮಾರು ಸಾವಿರ ಜನರೊಂದಿಗೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಂದು ಹೆಸರು, ಒಂದು ಫೋಟೊ ಅಂಟಿಸಿದ ಮಾತ್ರಕ್ಕೆ ಹಣ ಬರುವುದಿಲ್ಲ. ಕತೆ ಎಂಥದ್ದು ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹೋಗಿ ಕೂತು ಕೇಳಿ

‘ನಮ್ಮ ಸಂಸ್ಥೆಯಿಂದ ನಿಮಗೇನು ಉಪಕಾರವಾಯಿತು?’ ಎಂದು ಕೇಳಿದರೆ ಧನ್ಯವಾದದ ಭಾಷಣ ಸಿಗುತ್ತದೆ, ಕತೆ ಸಿಗುವುದಿಲ್ಲ. ‘ಆ ದಿನ ಏನೇನು ನಡೆಯಿತು?’, ‘ಅದಕ್ಕೂ ಮುಂಚೆ ಏನು ಕಷ್ಟವಾಗುತ್ತಿತ್ತು?’ ಎಂದು ಕೇಳಿ ಸುಮ್ಮನಿರಿ. ಆಮೇಲೆ ಬರುವ ಸಣ್ಣ ವಿವರಗಳೇ ನಿಮಗೆ ಬೇಕಾದವು. ‘ಕಿವಿ ಕೇಳದ ಬಾಲಕಿಗೆ ಶ್ರವಣ ಸಾಧನ ವಿತರಿಸಲಾಯಿತು’ ಎಂಬುದು ವರದಿ. ‘ಹೊರಗೆ ಮಳೆ ಬರುತ್ತಿದೆ ಎಂದು ಕಿಟಕಿಯತ್ತ ನೋಡದೆಯೇ ಹೇಳಿದಳು’ ಎಂದು ತಾಯಿ ಹೇಳಿದರೆ ಅದೇ ನಿಮ್ಮ ಪತ್ರದ ಮೊದಲ ಸಾಲು. ಇಂಥ ಸಾಲನ್ನು ಕಚೇರಿಯಲ್ಲಿ ಕೂತು ಕಟ್ಟಲಾಗುವುದಿಲ್ಲ, ಕಟ್ಟಲೂಬಾರದು.

ಕತೆಯನ್ನು ಪೂರ್ತಿ ಮುಗಿಸಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಕಷ್ಟ ಬಂತು, ಸಂಸ್ಥೆ ಬಂತು, ಎಲ್ಲ ಸರಿಹೋಯಿತು ಎಂದರೆ ಓದಿದವರಿಗೆ ಸಂತೋಷವಾಗುತ್ತದೆ, ಆದರೆ ಮಾಡಲು ಏನೂ ಉಳಿಯುವುದಿಲ್ಲ. ಹುಡುಗಿಗೆ ಈಗ ಸದ್ದು ಕೇಳುತ್ತಿದೆ, ಮಾತು ಇನ್ನೂ ಕಲಿಯಬೇಕು. ಅದಕ್ಕೆ ವಾರವಾರ ಸ್ಪೀಚ್ ಥೆರಪಿ ಬೇಕು. ಕೇಳಬೇಕಾದ ಹಣ ಆ ಥೆರಪಿಗೆ. ಎಷ್ಟು ಕೊಟ್ಟರೆ ಎಷ್ಟು ವಾರ ನಡೆಯುತ್ತದೆ ಎಂಬ ಒಂದೇ ಒಂದು ಅಂಕಿಯನ್ನು ಇಲ್ಲಿ ಕೊಡಿ. ಇಂಥ ಮಕ್ಕಳು ಇನ್ನೆಷ್ಟು ಮಂದಿ ಎಂಬ ದೊಡ್ಡ ಲೆಕ್ಕ ವಾರ್ಷಿಕ ವರದಿಯಲ್ಲಿರಲಿ. ಸಂಸ್ಥೆಯನ್ನು ನಾಯಕನ ಪಾತ್ರದಿಂದ ಇಳಿಸಿಬಿಡಿ, ಅಧ್ಯಕ್ಷರ ಫೋಟೊವನ್ನೂ.

ಓದುವವರನ್ನು ಅಳಿಸುವುದಕ್ಕೆಂದೇ ಬರೆಯುವುದೂ ಬೇಡ. ಕಣ್ಣೀರು, ಮೂಳೆ ಕಾಣುವ ಮೈ ತೋರಿಸಿ ಹಣ ಎತ್ತುವ ರೂಢಿಯ ವಿರುದ್ಧ ಸ್ವಯಂಸೇವಾ ವಲಯದಲ್ಲೇ ದನಿ ಎದ್ದು ದಶಕಗಳಾದವು. ಯುರೋಪಿನ ಇಂಥ ಸಂಸ್ಥೆಗಳ ಒಕ್ಕೂಟ ಕಾನ್ಕಾರ್ಡ್ 2006ರಲ್ಲಿ ಚಿತ್ರ ಮತ್ತು ಸಂದೇಶಗಳಿಗೆ ನೀತಿಸಂಹಿತೆಯನ್ನೇ ಒಪ್ಪಿಕೊಂಡಿತು. ಕತೆಯಲ್ಲಿರುವವರಿಗೆ ತಮ್ಮ ಗುರುತು ಹೊರಬರುವುದು ಇಷ್ಟವೇ ಎಂದು ಕೇಳಿ ದಾಖಲಿಸಬೇಕು, ಅದರಂತೆಯೇ ನಡೆಯಬೇಕು ಎನ್ನುತ್ತದೆ ಅದು. ಸಹಿ ಹಾಕಿಸಿಕೊಂಡರೆ ಸಾಲದು. ಸಹಾಯ ಪಡೆದವರು ‘ಬೇಡ’ ಎನ್ನಲು ಹಿಂಜರಿಯುತ್ತಾರೆ. ಒಪ್ಪದಿದ್ದರೂ ಸಹಾಯ ನಿಲ್ಲುವುದಿಲ್ಲ ಎಂದು ಮೊದಲೇ ಬಿಡಿಸಿ ಹೇಳಿ. ಅಚ್ಚಿಗೆ ಕಳಿಸುವ ಮುಂಚೆ ಕರಡನ್ನು ಅವರಿಗೆ ಓದಿ ಹೇಳಿ. ಅವರು ಬೇಡವೆಂದ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ. ಹೆಸರು ಬದಲಿಸಿದ್ದರೆ ಹಾಗೆಂದು ಬರೆಯಿರಿ.

ಕಳಿಸಿ, ಲೆಕ್ಕ ಇಡಿ

ದಾನಿಗಳ ಪಟ್ಟಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದಕ್ಕೆ ಕತೆಯ ಪತ್ರ, ಇನ್ನೊಂದಕ್ಕೆ ಹಳೆಯ ಮಾದರಿಯದು ಕಳಿಸಿ. ಎಷ್ಟು ಮಂದಿ ಕೊಟ್ಟರು, ಎಷ್ಟು ಕೊಟ್ಟರು ಎಂದು ಬೇರೆಬೇರೆ ಬರೆದಿಡಿ. ಪಟ್ಟಿ ಚಿಕ್ಕದಿದ್ದರೆ ಒಂದೇ ಸಲದ ಫಲಿತಾಂಶ ನಂಬಬೇಡಿ.

ಹಣ ಬಂದ ಮೂರ್ನಾಲ್ಕು ತಿಂಗಳಿಗೆ ಇನ್ನೊಂದು ಪುಟ್ಟ ಪತ್ರ ಹೋಗಲಿ: ಥೆರಪಿ ಎಷ್ಟು ವಾರ ನಡೆಯಿತು, ಹುಡುಗಿ ಏನು ಹೇಳಲು ಕಲಿತಳು, ಏನು ಇನ್ನೂ ಬರುತ್ತಿಲ್ಲ. ಆ ಪತ್ರದಲ್ಲಿ ದುಡ್ಡು ಕೇಳಬೇಡಿ.